ಮೋತ್ಯಾ ತಿಂದ ಗುಳಿಗೆ

ನಮ್ಮ ಮಾಳಿಗೆಯ ಮೇಲೆ ಬಾಡಿಗೆಗಿರುವ ಹುಡುಗಿ ಫಾರ್ಮಸಿ ಓದುತ್ತಾಳೆ. ಓದುವುದೆಂದರೆ ಅವಳ ಪಾಲಿಗೆ ಅಡ್ಡಾಡುತ್ತ ಗಟ್ಟಿಯಾಗಿ ಒದರುವುದು. ಪರೀಕ್ಷೆ ಬಂತೆಂದರೆ ಶಹಾಪುರದ ನಮ್ಮ ಓಣಿಗೆಲ್ಲ ಅವಳ ಪಾಠ ಬಾಯಿಪಾಠ. ಮೊನ್ನೆ ಬೆಳಿಗ್ಗೆ ಅಂಗಳದಲ್ಲಿ ಚಹಾ ಕುಡಿಯುತ್ತ ಕೂತಿದ್ದಾಗ ಮೇಲಿನಿಂದ ಇಲಿಯ ಪಾಠ ಇಳಿದು ಬಂತು. ಅಫೀಮಿನ ಜಾತಿಯ ಔಷಧ ಕೊಟ್ಟರೆ ಮಿದುಳಿನಲ್ಲಿ ಡೋಪಮಿನ್ ಎಂಬ ರಸ ಹೆಚ್ಚಿ ಇಲಿ ನಿಂತಲ್ಲಿ ನಿಲ್ಲದೆ ಓಡಾಡುತ್ತದಂತೆ. ಚಿತ್ತಭ್ರಮೆಗೆ ಕೊಡುವ ಔಷಧ ಆ ರಸದ ಕೆಲಸಕ್ಕೆ ಅಡ್ಡ ನಿಲ್ಲುತ್ತದಂತೆ. ಆಗ ನಾಲ್ಕು ಹೆಜ್ಜೆ ಆಚೆ ಇಟ್ಟ ಕಾಳಿಗೂ ಇಲಿ ಏಳುವುದಿಲ್ಲ. ಅದೇ ಕಾಳನ್ನು ಬಾಯಿಗೆ ಹಿಡಿದರೆ ರುಚಿಯಿಂದ ತಿನ್ನುತ್ತದೆ. ರುಚಿ ಹೋಗಿರುವುದಿಲ್ಲ, ಎದ್ದು ಹೋಗಬೇಕೆಂಬ ಹುರುಪು ಹೋಗಿರುತ್ತದೆ.

ನಾನು ಹೈಸ್ಕೂಲಿನಲ್ಲಿ ಆಯುಷ್ಯವೆಲ್ಲ ವಿಜ್ಞಾನ ಕಲಿಸಿದವನು. ಇದು ಗೊತ್ತಿರಲಿಲ್ಲ ಎಂದರೆ ನೀವು ನಗಬಹುದು. ಆದರೆ ಗೊತ್ತಿರಲಿಲ್ಲ ಎನ್ನುವುದೂ ಪೂರ್ತಿ ನಿಜವಲ್ಲ. ಇದನ್ನು ನಾನು ಕಣ್ಣಾರೆ ಕಂಡಿದ್ದೆ, ನಾಯಿಯಲ್ಲಿ.

ನಮ್ಮ ಕಡೆ ಕಾಲುವೆಗೆ ನೀರು ಬಂದ ಹೊಸತು. ಅಣ್ಣ ಕಾಲುವೆಯ ಗೇಟು ತೆಗೆಯುವ, ಹಾಕುವ ನೌಕರಿಯಲ್ಲಿದ್ದ. ದಂಡೆಯ ಮೇಲಿನ ಕ್ಯಾಂಪಿನಲ್ಲಿ ಎರಡು ಕೋಣೆಯ ಮನೆ; ಅಣ್ಣ, ಅವನ ಹೆಂಡತಿ ಅಂದರೆ ನಮ್ಮ ವೈನಿ, ಅಲ್ಲಿಂದ ದೋರನಹಳ್ಳಿಯ ಶಾಲೆಗೆ ಸೈಕಲ್ ತುಳಿಯುತ್ತಿದ್ದ ನಾನು, ಮತ್ತು ನಾಯಿ ಮೋತ್ಯಾ. ಅಣ್ಣನ ಸೈಕಲ್ಲಿನ ಗಂಟೆ ಕೇಳಿದರೆ ಸಾಕು, ಮೋತ್ಯಾ ಗೇಟಿನ ತನಕ ಓಡಿ ಹೋಗಿ ಕರೆತರುತ್ತಿತ್ತು. ವೈನಿ ಸುರಪುರದವರು, ಬಾಯಿ ಚುರುಕು. ನಾನು ಮನೆಯಲ್ಲೂ ಪಾಠ ಶುರು ಮಾಡಿದರೆ "ಮಾಸ್ತರ್ರ, ಗಂಟಿ ಹೊಡೀತು, ಸಾಲಿ ಬಿಡ್ರಿ" ಎನ್ನುತ್ತಿದ್ದರು.

ಆ ವೈನಿಗೆ ಕಾಲುವೆಯ ನೀರು ಹೆಸರು ಹಿಡಿದು ಕರೆಯತೊಡಗಿತು. ಒಂದು ಮಧ್ಯಾಹ್ನ ಮೆಟ್ಟಿಲಿಳಿದು ಎದೆಮಟ್ಟದ ನೀರಿಗೆ ಹೋಗಿಬಿಟ್ಟಿದ್ದರು. ಮೋತ್ಯಾ ಬೊಗಳಿ ಬೊಗಳಿ ಊರು ಎಬ್ಬಿಸಿದ್ದರಿಂದ, ಬಟ್ಟೆ ಒಗೆಯುವ ಹೆಂಗಸರು ಓಡಿ ಬಂದು ಎಳೆದುಕೊಂಡರು. ಗುಲ್ಬರ್ಗಾದ ಡಾಕ್ಟರು ಚಿತ್ತಭ್ರಮೆ ಎಂದು ದಿನಕ್ಕೊಂದು ಗುಳಿಗೆ ಬರೆದುಕೊಟ್ಟರು. ವೈನಿ ಮುಟ್ಟಲಿಲ್ಲ. "ನನಗೇನಾಗ್ಯಾದ? ಕರಿಯಾಕತ್ತಿದ್ದು ನೀರು. ಗುಳಗಿ ಅದಕ್ಕ ಹಾಕ್ರಿ" ಎಂದರು.

ಆಗ ನನ್ನ ವಿಜ್ಞಾನ ಎಚ್ಚರಾಯಿತು. ವೈನಿ ಅರ್ಧ ರೊಟ್ಟಿ ಬಿಟ್ಟು ಏಳುವವರು, ಆದ್ದರಿಂದ ಔಷಧ ಮೊದಲ ತುತ್ತಿನಲ್ಲೇ ಇರಬೇಕು ಎಂದು ತರ್ಕ ಮಾಡಿದೆ. ಗುಳಿಗೆ ಪುಡಿ ಮಾಡಿ, ಬಿಸಿರೊಟ್ಟಿ ಬೆಲ್ಲ ತುಪ್ಪದ ಜೊತೆ ನಾದಿ, ಸಣ್ಣ ಮುಟಗಿ ಕಟ್ಟಿ ಅವರ ತಾಟಿನಲ್ಲಿ ಇಟ್ಟೆ. "ವೈನಿ, ಮೊದ್ಲ ಇದನ್ನ ತಿನ್ರಿ." ಅವರು ನಕ್ಕರು. "ಮಾಸ್ತರ್ರು ಅಡಗಿನೂ ಕಲತ್ರಲ್ಲ." ನಾನು ಜಂಬದಿಂದ ಸೈಕಲ್ ಹತ್ತಿದೆ. ದಿನಾ ಇದೇ ನಡೆಯಿತು. ಗಂಡಸರು ಉಂಡು ಹೋದ ಮೇಲೆ ವೈನಿ ಹಿತ್ತಲ ಕಟ್ಟೆಯಲ್ಲಿ ಕೂತು ಉಣ್ಣುವುದು ನಮ್ಮ ಮನೆಯ ರೂಢಿ. ಐದು ವರ್ಷ ಒಂದೇ ಸೂರಿನಡಿ ಇದ್ದರೂ ಅವರು ಉಣ್ಣುವುದನ್ನು ನಾವು ಅಣ್ಣತಮ್ಮಂದಿರು ಒಂದು ದಿನವೂ ನೋಡಿರಲಿಲ್ಲ.

ತಿಂಗಳಾಯಿತು, ನೀರು ಕರೆಯುವುದು ನಿಲ್ಲಲಿಲ್ಲ. ಡಾಕ್ಟರು ಗುಳಿಗೆ ಎರಡು ಮಾಡಿದರು. ಅದೇ ಹೊತ್ತಿಗೆ ಮೋತ್ಯಾ ಮೂಲೆ ಹಿಡಿಯಿತು. ಸೈಕಲ್ಲಿನ ಗಂಟೆಗೆ ಕಿವಿ ಎತ್ತುತ್ತಿತ್ತು, ಏಳುತ್ತಿರಲಿಲ್ಲ. ರೊಟ್ಟಿಯನ್ನು ಒಂದು ಮಾರು ದೂರ ಇಟ್ಟರೆ ಸುಮ್ಮನೆ ನೋಡುತ್ತಿತ್ತು. ಬಾಯಿಗೆ ಹಿಡಿದರೆ ತಿಂದು ಕೈ ನೆಕ್ಕುತ್ತಿತ್ತು. "ಪಾಪ, ಏನಾಗ್ಯಾದೋ ಏನೋ" ಎಂದು ಅಣ್ಣ ಅದರ ಹತ್ತಿರ ಕುಕ್ಕರಗಾಲಲ್ಲಿ ಕೂತು ತುತ್ತು ಮಾಡಿ ಹಾಕುತ್ತಿದ್ದ.

ವೈನಿ ಎರಡನೇ ಸಲ ಕಾಲುವೆಗೆ ಇಳಿದಾಗ ಮೋತ್ಯಾ ದಂಡೆಯ ಮೇಲೆ ಮಲಗಿ ನೋಡುತ್ತಿತ್ತಂತೆ. ಬೊಗಳಲಿಲ್ಲ. ಎರಡು ದಿನದ ಹಿಂದೆ ಅಣ್ಣ ಗೇಟು ಹಾಕಿದ್ದರಿಂದ ನೀರು ಮೊಣಕಾಲಿಗಿತ್ತು. ಅದಕ್ಕೇ ಅವರು ಉಳಿದದ್ದು.

ಮರುದಿನ ನಾನು ರಜೆ ಹಾಕಿ ಮನೆಯಲ್ಲೇ ಉಳಿದೆ. ವೈನಿ ತಾಟು ಹಿಡಿದು ಕಟ್ಟೆಗೆ ಹೋದರು. ಮುಟಗಿಯನ್ನು ಕಣ್ಣಿಗೊತ್ತಿಕೊಂಡರು. "ಮೊದಲಿಂದು ಮೂಕಪ್ರಾಣಿಗಿ" ಎಂದು ಮೋತ್ಯಾನ ಬಾಯಿಗೆ ಹಿಡಿದರು.

ನಾನು ಓಡಿ ಹೋಗಿ ಕಸಿದುಕೊಂಡೆ. ಮುಟಗಿ ಒಡೆದು ಬೆಲ್ಲದ ನಡುವೆ ಬಿಳಿ ಪುಡಿ ಕಂಡಿತು. ವೈನಿ ಅದನ್ನು ನೋಡಿದರು, ನಾಯಿಯನ್ನು ನೋಡಿದರು.

"ಇದು ನನಗಂತ ಇಟ್ಟಿದ್ದೇನ್ರಿ?"

ಹೌದೆಂದು ತಲೆಯಾಡಿಸಿದೆ.

"ನನ್ನ ಹಿಂಗ ಮಾಡಾವ್ರಿದ್ರೇನು?"

ನಾನು ಒಡೆದ ಮುಟಗಿಯನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡೆ. ಆ ನಾಚಿಕೆ ಇವತ್ತಿಗೂ ಇದೆ.

ಗುಲ್ಬರ್ಗಾಕ್ಕೆ ಈ ಸಲ ವೈನಿ ತಾವಾಗಿ ಹೊರಟರು. ನಾಯಿಯ ಸಂಗತಿಯನ್ನೂ ತಾವೇ ಡಾಕ್ಟರಿಗೆ ಹೇಳಿದರು. ಡಾಕ್ಟರು ಗುಳಿಗೆಯನ್ನು ಮತ್ತೆ ಒಂದಕ್ಕಿಳಿಸಿದರು. ಬರುವಾಗ ಬಸ್ಸಿನಲ್ಲಿ, "ನಾನಾ ತಗೊಂತೀನ್ರಿ. ನೀರಿನ ಪಾಲಾಗೋದು ಬ್ಯಾಡ ನನಗ. ಕದ್ದು ಮಾತ್ರ ಕೊಡಬ್ಯಾಡ್ರಿ" ಎಂದರು. ಕೊಟ್ಟ ಮಾತಿನಂತೆ ತೆಗೆದುಕೊಂಡರು, ನೀರು ಕರೆಯುವುದು ನಿಂತಿತು. ಹದಿನೈದು ದಿನದಲ್ಲಿ ಮೋತ್ಯಾ ಸೈಕಲ್ಲಿನ ಹಿಂದೆ ಓಡತೊಡಗಿತು. ಕಟ್ಟೆಯ ಮೇಲೆ ಕೂತು ನೋಡುತ್ತಿದ್ದ ವೈನಿ, "ಅದರ ಗುಳಗಿ ಇಳೀತು ನೋಡ್ರಿ" ಎಂದರು. ತಾವು ಕಟ್ಟೆಯಿಂದ ಏಳಲಿಲ್ಲ.

ವೈನಿ ಬದುಕಿದರು. ಆದರೆ ನನ್ನನ್ನು ಮಾತಿನಲ್ಲಿ ಕಾಡಿಸುವುದು ಕಡಿಮೆಯಾಯಿತು. ಕೂತರೆ ಕೂತಲ್ಲೇ, ಊಟಕ್ಕೆ ಕರೆದರೆ ಹೂಂ ಎನ್ನುವರು, ಏಳರು. ನಾಯಿಗೆ ತುತ್ತು ಮಾಡಿ ಹಾಕಿದ ನಾವೇ ಅವರಿಗೆ ಮೈಗಳ್ಳತನ ಎಂದೆವು. ನಾನಂತೂ ಒಮ್ಮೆ ಅವರಿಗೆ ಕೇಳುವಂತೆಯೇ ಅಂದಿದ್ದೇನೆ.

ಅಣ್ಣ ಈಗಿಲ್ಲ. ವೈನಿ ನಮ್ಮ ಜೊತೆಗಿದ್ದಾರೆ, ಮುಂದಿನ ಕೋಣೆಯಲ್ಲಿ. ಔಷಧ ತಪ್ಪಿಸಿಲ್ಲ. ದಿನಾ ಮಧ್ಯಾಹ್ನ ನಾನು ಅಡುಗೆಮನೆಯಿಂದ ಮೂರು ಸಲ ಕೂಗುತ್ತೇನೆ, ಮೂರನೆಯದರಲ್ಲಿ ಸಿಟ್ಟಿರುತ್ತದೆ. "ಹಸಿವಿದ್ರ ಬರ್ತಾರ ಬಿಡು" ಎಂದು ಹೆಂಡತಿಗೆ ಹೇಳಿ ಉಣ್ಣಲು ಕೂರುತ್ತೇನೆ. ವೈನಿಗೆ ಯಾವುದೂ ಸೇರುವುದಿಲ್ಲ ಎಂದು ಇಷ್ಟು ವರ್ಷ ನಂಬಿದ್ದೆ.

ಮೊನ್ನೆ, ಇಲಿಯ ಪಾಠ ಕೇಳಿದ ಮಧ್ಯಾಹ್ನ, ಕೂಗಲಿಲ್ಲ. ಎರಡು ತಾಟಿನಲ್ಲಿ ರೊಟ್ಟಿ, ಪುಂಡಿಪಲ್ಯ ಹಾಕಿಕೊಂಡು ಹೋಗಿ ಅವರ ಮಗ್ಗುಲಲ್ಲಿ ಕೂತೆ. ಒಂದನ್ನು ಅವರ ಕೈಗಿಟ್ಟೆ. ಅವರು ಮೆಲ್ಲಗೆ ತಿಂದರು, ಕೊನೆಯ ಚೂರಿನಿಂದ ತಾಟು ಒರೆಸಿ ತಿಂದರು. ಆಮೇಲೆ ನನ್ನ ಕಡೆ ತಿರುಗಿದರು.

"ಪಲ್ಯ ಭಾಳ ರುಚಿ ಆಗ್ಯಾದ್ರಿ ಮಾಸ್ತರ್ರ. ಇನ್ನಷ್ಟು ಅದ ಏನು?"

ನಾನು ಎದ್ದೆ.