ಹಿಂದಿನ ಸಾಲಿನಲ್ಲಿ ನಿಂತವನು

ಹೇಳಿದ ಹೊತ್ತಿಗೆ ಹೇಳಿದ ಜಾಗದಲ್ಲಿ ನಿಲ್ಲಬೇಕು ಎನ್ನುವುದು ಹಾಸ್ಟೆಲಿನ ಗಂಟೆ ನನಗೆ ಕಲಿಸಿದ ಪಾಠ. ಶಾಲೆಯೊಂದರಲ್ಲಿ ಡ್ರಿಲ್ ಟೀಚರ್ ಆಗಿ ಅದನ್ನೇ ಮಕ್ಕಳಿಗೆ ಕಲಿಸಿ ನಿವೃತ್ತಳಾದೆ. ಮಾಲೂರಿನ ಸಂಗೀತ ಶಿಕ್ಷಕಿಯೊಬ್ಬಳು ಸಮೂಹಗಾನವೊಂದನ್ನು ಕಟ್ಟಿ, "ಮಿಸ್, ಹಾಡು ನಾನು ನೋಡ್ಕೋತೀನಿ, ಸಾಲು ನೀವು ನೋಡ್ಕೊಳ್ಳಿ" ಎಂದಾಗ ಕೂಡಲೇ ಒಪ್ಪಿದೆ.

ಹಾಡು ಬಹಿಷ್ಕಾರದ್ದು. ಊರು ಒಂದು ಮನೆಯನ್ನು ಹೊರಗಿಡುತ್ತದೆ, ತಮಟೆ ಬಡಿದು ಡಂಗುರ ಸಾರುತ್ತದೆ. ಆಮೇಲೆ ಎಲ್ಲರೂ ಒಂದೇ ದನಿಯಲ್ಲಿ ಆ ಮನೆಯವರ ಪರವಾಗಿ ಹಾಡಬೇಕು. ಮಾಸ್ತಿ ಕಡೆಯ ರೈತರ ಮನೆಯ ಹೆಂಗಸರು, ಮುಳಬಾಗಿಲಿನ ಒಬ್ಬ ಸಾಬರ ಟೈಲರಮ್ಮ, ಶ್ರೀನಿವಾಸಪುರದ ಮಾವಿನ ಮಂಡಿಯಲ್ಲಿ ತೂಕ ಹಾಕುವ ಒಬ್ಬಾತ, ಹೀಗೆ ಜನ ಕೂಡಿದ್ದರು. ಮಂಡಿಯವನದು ತಗ್ಗಿನ ದನಿ. ನಾನೇ ಅವನನ್ನು ಹಿಂದಿನ ಸಾಲಿನಲ್ಲಿ ನಿಲ್ಲಿಸಿದ್ದೆ. ಒಂದು ದಿನದ ಅಭ್ಯಾಸವನ್ನೂ ಅವನು ತಪ್ಪಿಸಿದವನಲ್ಲ.

ರೆಕಾರ್ಡಿಂಗ್ ಕೋಲಾರದಲ್ಲಿ. ಅಂದು ತಮಟೆ ಬಾರಿಸಬೇಕಿದ್ದವನಿಗೆ ಜ್ವರ, ತಮಟೆಯನ್ನಷ್ಟೇ ಕಳಿಸಿದ್ದ. ಶಿಕ್ಷಕಿ ಅದನ್ನೆತ್ತಿಕೊಂಡು ನೇರವಾಗಿ ಹಿಂದಿನ ಸಾಲಿಗೆ ನಡೆದಳು.

"ಅಣ್ಣ, ಇವತ್ತೊಂದಿನ ನೀವೇ ಬಾರಿಸಿಬಿಡಿ."

"ನಾನ್ಯಾಕಮ್ಮ?"

"ನಿಮಗೆ ಬರುತ್ತಲ್ಲ."

"ಬರುತ್ತೆ ಅಂತ ಯಾವತ್ತು ಹೇಳ್ದೆ ನಾನು?"

ಅವಳು ತಮಟೆಯನ್ನು ಹಿಂದಕ್ಕೆಳೆದುಕೊಂಡಳು. ಉತ್ತರ ನಮಗೆಲ್ಲ ಗೊತ್ತಿತ್ತು. ಅವನು ಯಾವ ಕೇರಿಯವನೆಂದು ತಿಳಿದಿತ್ತು, ಅಷ್ಟೇ. ಇಂಥ ಹಾಡಿಗೆಂದೇ ಸೇರಿದವರ ನಡುವೆ ಅದು ಇಷ್ಟು ಸಲೀಸಾಗಿ ನಡೆದದ್ದು ಕಂಡು ನನಗೆ ಕೆನ್ನೆಗೆ ಹೊಡೆದಂತಾಯಿತು.

"ಬರುತ್ತೆ ಬಿಡಮ್ಮ" ಎಂದ ಅವನೇ. "ಅದಕ್ಕೇ ಮುಟ್ಟಲ್ಲ. ನಮ್ಮಣ್ಣ ಗುಡಿ ಮೆಟ್ಲು ಹತ್ತಿದ ಅಂತ ಊರೋರು ನಮ್ಮನೇನ ಹೊರಗಿಟ್ರು. ಡಂಗುರ ಹಾಕೋದು ತಲೆತಲಾಂತರದಿಂದ ನಮ್ಮನೆ ಕೆಲಸ. ಅಪ್ಪ ಹಾಸಿಗೆ ಹಿಡಿದಿದ್ದ, ನನ್ನ ಕೈಲೇ ಸಾರಿಸಿದ್ರು. ಈ ಮನೆಯೋರಿಗೆ ಯಾರೂ ಉಪ್ಪು ಕೊಡಬಾರ್ದು, ಯಾರೂ ಮಾತಾಡಿಸಬಾರ್ದು ಅಂತ ನಮ್ಮನೆ ಬಾಗಿಲಲ್ಲೇ ನಿಂತ್ಕೊಂಡು ಸಾರಿದೆ. ಒಳಗೆ ಅಮ್ಮ ಕೂತಿದ್ಲು."

"ಯಾ ಅಲ್ಲಾ" ಎಂದು ಟೈಲರಮ್ಮ ಗೋಡೆಗೆ ಒರಗಿದಳು.

"ಇದು ಯಾವ ಕಾಲದ ಮಾತಪ್ಪ?" ಎಂದೆ. ಡಂಗುರ ಎಂಬುದನ್ನು ನಾನು ಅಜ್ಜಿಯ ಬಾಯಲ್ಲಷ್ಟೇ ಕೇಳಿದ್ದೆ.

"ಯಾವ ಕಾಲ ಅಂದ್ರೆ? ಜನ ಮೊಬೈಲ್ ಎತ್ಕೊಂಡು ವಿಡಿಯೊ ಮಾಡ್ಕೊಂಡ್ರು ಮಿಸ್."

ನಾನು ಸ್ಟೂಲಿನ ಮೇಲೆ ಕುಳಿತುಬಿಟ್ಟೆ. ಇಷ್ಟು ದಿನ ಅವನ ಮುಂದೆಯೇ ಆ ಡಂಗುರದ ಮಾತುಗಳನ್ನು ಶ್ರುತಿ ಸರಿಯಾಯಿತೇ, ತಾಳ ಸರಿಯಾಯಿತೇ ಎಂದು ತಿದ್ದಿ ತಿದ್ದಿ ಹಾಡಿಸಿದ್ದೆವು.

"ಹಾಡೋಕೆ ಬಂದೋನು ನಾನು. ಹಾಡೋಕೆ ಬಿಟ್ರೆ ಇರ್ತೀನಿ, ಇಲ್ಲಾಂದ್ರೆ ಬಸ್ಸು ಹಿಡೀತೀನಿ" ಎಂದ.

"ತಪ್ಪಾಯ್ತಣ್ಣ, ಇರಿ" ಎಂದು ಶಿಕ್ಷಕಿ, ಯಾರಾದರೂ ತಗೊಳ್ಳಿ ಎನ್ನುವಂತೆ ತಮಟೆಯನ್ನು ಸುತ್ತಲೂ ಚಾಚಿದಳು. ಮುಂದಿನ ಸಾಲಿನ ಹೆಂಗಸೊಬ್ಬಳು ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡು, "ತೊಗಲು ಕಣೇ ಅದು. ನಮ್ಮತ್ತೆಗೆ ಗೊತ್ತಾದ್ರೆ ಮನೆ ಒಳಗೇ ಬಿಟ್ಕೊಳಲ್ಲ" ಎಂದು ಪಕ್ಕದವಳ ಕಿವಿಯಲ್ಲಿ ಅಂದಳು. ರೆಕಾರ್ಡಿಂಗಿನ ಮುಚ್ಚಿದ ಕೋಣೆಯಲ್ಲಿ ಅದು ಎಲ್ಲರಿಗೂ ಕೇಳಿಸಿತು. ಅವನಿಗೂ.

ನಾನು ಎದ್ದು ತಮಟೆ ಇಸಿದುಕೊಂಡೆ. "ಹೇಗೆ ಹೊಡೀಬೇಕು, ಹೇಳ್ಕೊಡಪ್ಪ."

"ಹೇಳ್ಕೊಡಲ್ಲ ಮಿಸ್. ಬೇಜಾರು ಮಾಡ್ಕೋಬೇಡಿ."

ಸರಿ ಎಂದು, ನನಗೆ ಬರುವ ಒಂದೇ ಗತಿಯಲ್ಲಿ ಹೊಡೆದೆ. ಎಡ, ಬಲ, ಎಡ, ಬಲ. ಅವನ ತುಟಿಯಂಚು ಅಲುಗಿತು. "ಮಿಸ್, ಇದು ಆಗಸ್ಟ್ ಹದಿನೈದರ ಪೆರೇಡು!" ಒಂದಿಬ್ಬರು ನಕ್ಕರು. ಕೈ ಸೆರಗಿನಲ್ಲಿಟ್ಟವಳು ನಗಲಿಲ್ಲ.

ಅದೇ ಗತಿಗೆ ಎಲ್ಲರೂ ಹಾಡಿದರು. ಮುಗಿದ ಮೇಲೆ ರೆಕಾರ್ಡಿಂಗಿನವನು ಕೇಳಿಸಿದ. ಮಂಡಿಯವನು ಸ್ಪೀಕರಿನ ಹತ್ತಿರ ಬಗ್ಗಿ, ಕಣ್ಣು ಮುಚ್ಚಿ ಕೇಳಿದ. ಕೊನೆಗೆ, "ನನ್ನ ದನಿ ಯಾವ್ದು ಅಂತಾನೇ ಗೊತ್ತಾಗ್ತಿಲ್ವಲ್ಲ" ಎಂದ.

"ನಿಮ್ಮ ಮೈಕ್ ಸ್ವಲ್ಪ ಏರಿಸ್ಲಾ ಅಣ್ಣ?" ಎಂದ ರೆಕಾರ್ಡಿಂಗಿನವನು.

"ಬ್ಯಾಡ, ಬ್ಯಾಡ" ಎಂದು ಅವನು ಕೈಯನ್ನೇ ಅಡ್ಡ ಹಿಡಿದ. "ಹಿಂಗೇ ಇರ್ಲಿ. ಅವತ್ತು ನಮ್ಮನೆ ಬಾಗಿಲಲ್ಲಿ ನಂದೊಂದೇ ದನಿ ಕೇಳ್ತಿತ್ತು. ಇನ್ನೊಂದ್ಸಲ ಹಾಕು."