ಅಜ್ಜಿಗೆ ಕೇಳಿದ ಎಂಜಿನ್ ಸಪ್ಪಳ

ಚೌಡಾಪುರದ ನಮ್ಮ ಮನೆಯಂಗಳದಲ್ಲಿ ಸ್ಪೋರ್ಟ್ಸ್ ಕಾರಿನ ಬಾನೆಟ್ ಎತ್ತಿ, ಚಾಲೂ ಇದ್ದ ಎಂಜಿನ್‌ಗೆ ದನಗಳ ಎದೆಬಡಿತ ನೋಡುವ ಸ್ಟೆತಾಸ್ಕೋಪ್ ಹಚ್ಚಿ ನಿಂತಿದ್ದೆ. ನಾನು ಪಶುವೈದ್ಯ. ಆಸೆಪಟ್ಟು ಕೊಂಡ ಹಳೆಯ ಕಾರು, ರಿಪೇರಿಯೂ ನನ್ನದೇ. ಪ್ಲಗ್ ಬದಲಿಸಿದ್ದೆ, ಫಿಲ್ಟರ್ ಬದಲಿಸಿದ್ದೆ. ಆದರೂ ಎಂಜಿನ್ ಯಾಕೆ ನಡುಗುತ್ತಿದೆ ಎಂದು ತಿಳಿಯದೆ, ಮಾರಿಯೇಬಿಡೋಣ ಎನ್ನುವಷ್ಟು ತಲೆಕೆಟ್ಟಿತ್ತು.

ದತ್ತನ ದರ್ಶನಕ್ಕೆಂದು ಗಾಣಗಾಪುರಕ್ಕೆ ನಡೆದು ಹೊರಟಿದ್ದ ಅಜ್ಜಿಯೊಬ್ಬರು ನೀರು ಕೇಳಲು ಒಳಬಂದವರು, ಚೊಂಬು ಹಿಡಿದು ಅಲ್ಲೇ ನಿಂತರು.

"ಎಲ್ಲೋ ಗಾಳಿ ಸೋರಾಕತ್ತದ ನೋಡು ತಮ್ಮಾ. ಹಿಂದ, ಎಡಕ್ಕ."

ನಗಬೇಕೋ ನಂಬಬೇಕೋ ತೋಚಲಿಲ್ಲ. ಕೈಹಾಕಿ ತಡವಿದರೆ, ಅಲ್ಲೇ ಒಂದು ರಬ್ಬರ್ ಪೈಪ್ ಸೀಳಿಹೋಗಿತ್ತು. ಟೇಪ್ ಸುತ್ತಿದೆ. ನಡುಕ ನಿಂತಿತು.

"ನಿಮಗ ಹ್ಯಾಂಗ ಗೊತ್ತಾಯ್ತ್ರಿ, ಅವ್ವಾ?"

"ನಮ್ಮ ಮನಿಯವರದು ಲಾರಿ ಗ್ಯಾರೇಜ್ ಇತ್ತು. ಅವರಿಗೆ ಕಿವಿ ಕೇಳ್ತಿರಲಿಲ್ಲ. ಸಪ್ಪಳ ನಾ ಕೇಳಿ, ಕೈಸನ್ನಿ ಮಾಡಿ ಹೇಳ್ತಿದ್ದೆ. ಅವರು ಹೋದ ಮ್ಯಾಲ ಗ್ಯಾರೇಜೂ ಹೋಯ್ತು" ಎಂದವರು, ಚೊಂಬು ಕೆಳಗಿಟ್ಟು, "ಇನ್ನೊಮ್ಮಿ ಜೋರು ಮಾಡು ತಮ್ಮಾ, ಕೇಳ್ತೇನಿ" ಎಂದರು.

ಕಾರಿನೊಳಗೆ ಕೂತು ಆಕ್ಸಿಲರೇಟರ್ ಒತ್ತಿ, ಕಿಟಕಿಯಿಂದ ತಲೆ ಹೊರಹಾಕಿ ನೋಡಿದೆ. ಅಜ್ಜಿ ಕಣ್ಣು ಮುಚ್ಚಿಕೊಂಡಿದ್ದರು. ಅವರ ಬಲಗೈ ಮಾತ್ರ ಎದುರಿಗೆ ಯಾರೋ ಇದ್ದಂತೆ ಮೆಲ್ಲಗೆ ಸನ್ನೆ ಮಾಡುತ್ತಿತ್ತು.

ಹೊಸ ಪೈಪ್ ಹಾಕಿದ ಮೇಲೆ ಕಾರು ಚೆನ್ನಾಗಿ ಓಡುತ್ತಿದೆ. ಆ ಸನ್ನೆಯ ಅರ್ಥ ಏನೆಂದು ಕೇಳಬೇಕಿತ್ತೋ, ಕೇಳದೆ ಸುಮ್ಮನಿದ್ದದ್ದೇ ಒಳ್ಳೆಯದಾಯಿತೋ, ನನಗೆ ಇನ್ನೂ ತಿಳಿಯುತ್ತಿಲ್ಲ.