ಹಗೇವಿನ ಬಾಯಿ, ಹಗೇವಿನ ಹೊಟ್ಟೆ

ಹಿತ್ತಲಲ್ಲಿ ನಾನು ಕಟ್ಟಿದ ಕೋಣೆಯನ್ನು ನಮ್ಮ ಓಣಿಯವರು ಈಗಲೂ ‘ಭಾಷಣದ ಮನಿ’ ಎಂದೇ ಕರೆಯುತ್ತಾರೆ. ಉದ್ದ ಹತ್ತು ಅಡಿ, ಅಗಲ ಎಂಟು ಅಡಿ. ಕಲ್ಲು ಮಣ್ಣಿನ ಗೋಡೆ, ಮೇಲೆ ಮಣ್ಣಿನ ಮಾಳಿಗೆ, ಒಂದು ಬಾಗಿಲು, ಒಂದು ಕಿಟಕಿ. ಕಟ್ಟಿ ಐದಾರು ಮಳೆಗಾಲ ಕಳೆದಿವೆ. ಒಮ್ಮೆಯೂ ಸೋರಿಲ್ಲ, ಎಲ್ಲಿಯೂ ಬಿರುಕು ಬಿಟ್ಟಿಲ್ಲ. ಬಿದ್ದುಹೋಗಿದ್ದರೆ ನನಗೆ ಒಂದಿಷ್ಟು ಸಮಾಧಾನವಾದರೂ ಆಗುತ್ತಿತ್ತು.

ನಮ್ಮೂರು ಕೂಡ್ಲಿಗಿಯಿಂದ ಕೊಟ್ಟೂರಿಗೆ ಹೋಗುವ ದಾರಿಯಲ್ಲಿದೆ. ಆಗ ನಾನು ಕೊಟ್ಟೂರಿನ ಕಾಲೇಜಿಗೆ ಬಸ್ಸಿನಲ್ಲಿ ಹೋಗಿಬರುತ್ತಿದ್ದೆ. ಬಿ.ಎ. ಎರಡನೇ ವರ್ಷ. ಓದಿಗಿಂತ ಚರ್ಚಾ ಸ್ಪರ್ಧೆಯ ಹುಚ್ಚು ಹೆಚ್ಚು. ಹರಪನಹಳ್ಳಿಯಲ್ಲಿ ನಡೆದ ಸ್ಪರ್ಧೆಯಲ್ಲಿ ಶೀಲ್ಡು ಗೆದ್ದು ತಂದಿದ್ದೆ. ಚರ್ಚೆಯಲ್ಲಿ ಪರವೋ ವಿರೋಧವೋ ಎಂಬುದನ್ನು ಚೀಟಿ ಎತ್ತಿ ತೀರ್ಮಾನಿಸುತ್ತಿದ್ದರು. ಹಾಗಾಗಿ ಎರಡೂ ಕಡೆ ತಯಾರಾಗಿರಬೇಕು. ನಾನು ಸಂಜೆ ಪಡಸಾಲೆಯಲ್ಲಿ ನಿಂತು ಒಂದು ಗಂಟೆ ಪರವಾಗಿ, ಮತ್ತೊಂದು ಗಂಟೆ ವಿರೋಧವಾಗಿ ಕೂಗುತ್ತಿದ್ದೆ. ಅವ್ವ ಒಂದು ದಿನ ಹಾಲಿನ ಚರಿಗೆ ಹಿಡಿದುಕೊಂಡು ಬಂದಳು.

“ಲೇ, ನಿನ್ನ ಒದರಾಟಕ್ಕ ಎಮ್ಮಿ ಬೆದರಿ ಹಾಲು ಕೊಡವಲ್ದು. ಹಿತ್ತಲದಾಗ ಒಂದು ಗೂಡು ಕಟ್ಟಿಕೊಂಡು ಅಲ್ಲೇ ಒದರು.”

ಅವ್ವ ಬೈಗುಳವಾಗಿ ಹೇಳಿದ್ದನ್ನು ನಾನು ಅಪ್ಪಣೆಯೆಂದು ತೆಗೆದುಕೊಂಡೆ. ಬೇಸಿಗೆ ರಜೆ ಬರುತ್ತಿತ್ತು. ಗೌಂಡಿ ಬೇಡ, ಆಳು ಬೇಡ, ಎಲ್ಲ ನನ್ನ ಕೈಯಿಂದಲೇ ಆಗಬೇಕು ಎಂದು ಹಟ ಹಿಡಿದೆ.

ನಮ್ಮ ಹಿತ್ತಲಿಗೂ ಪಕ್ಕದ ಮನೆಯ ಹಿತ್ತಲಿಗೂ ನಡುವೆ ಗೋಡೆ ಇರಲಿಲ್ಲ. ಪಕ್ಕದ ಮನೆಯಾಕೆಯನ್ನು ನಾನು ದೊಡ್ಡವ್ವ ಎನ್ನುತ್ತಿದ್ದೆ. ರಕ್ತಸಂಬಂಧವೇನಿಲ್ಲ, ಚಿಕ್ಕಂದಿನಿಂದ ಹಾಗೆ ಕರೆದು ರೂಢಿ. ಗಂಡ ತೀರಿಕೊಂಡ ಮೇಲೆ ಮಗಳನ್ನು ಕಟ್ಟಿಕೊಂಡು ತಾನೇ ಹೊಲ ಮಾಡಿಸುತ್ತಿದ್ದ ಗಟ್ಟಿ ಹೆಂಗಸು. ಸಂಜೆ ಒಗೆಯುವ ಕಲ್ಲಿನ ಮೇಲೆ ಕುಳಿತು, ಮೊರದಲ್ಲಿ ಜೋಳ ಹಸನು ಮಾಡುತ್ತ ನನ್ನ ಭಾಷಣ ಕೇಳುತ್ತಿದ್ದಳು.

“ನಿನ್ನಿ ಹೌದು ಅಂದಿ, ಇವತ್ತು ಅದಕ್ಕಾ ಅಲ್ಲ ಅಂತಿ. ನಿನ್ನ ಮನಸ್ಸಿನಾಗ ಏನೈತೋ ತಮ್ಮಾ?”

“ಮನಸ್ಸಿನಾಗ ಏನೂ ಇರಬಾರದು ದೊಡ್ಡವ್ವ. ಅದಕ್ಕಾ ಚರ್ಚೆ ಅನ್ನೋದು.”

“ಹಂಗಾರ ಡೊಳ್ಳು ಇದ್ದಂಗ ಬಿಡು. ಒಳಗ ಖಾಲಿ ಇದ್ದಷ್ಟೂ ಸಪ್ಪಳ ಜಾಸ್ತಿ.”

ಆಗ ನಾನೂ ನಕ್ಕಿದ್ದೆ.

ಎರಡು ಹಿತ್ತಲುಗಳ ನಡುವೆ, ಬೇವಿನ ಗಿಡದ ಹತ್ತಿರ, ದೊಡ್ಡವ್ವನ ಹಗೇವು ಇತ್ತು. ಚೀಲ, ಗೋದಾಮು ಬಂದಮೇಲೆ ಹಗೇವು ಕಂಡವರು ಕಡಿಮೆಯಾಗುತ್ತಿದ್ದಾರೆ, ಅದಕ್ಕೆ ಹೇಳಿಬಿಡುತ್ತೇನೆ. ನೆಲದೊಳಗೆ ಎರಡಾಳುದ್ದ ತೋಡಿದ ಕಣಜ ಅದು. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟೇ ಕಿರಿದು. ಒಳಗೆ ಸುತ್ತಲೂ ಹುಲ್ಲು, ಹೊಟ್ಟು ಹಾಸಿ ಜೋಳ ತುಂಬಿ, ಬಾಯಿಗೆ ಚಪ್ಪಡಿ ಮುಚ್ಚಿ ಮಣ್ಣು ಮೆತ್ತಿಬಿಟ್ಟರೆ ವರ್ಷಗಟ್ಟಲೆ ಹುಳ ಬೀಳುವುದಿಲ್ಲ. ಅದಕ್ಕೆ ಇರುವ ಶತ್ರು ಒಂದೇ, ನೀರು. ಹಗೇವಿನ ಮೇಲೆ ಮುಸುರೆ ಚೆಲ್ಲಿದರೂ ದೊಡ್ಡವ್ವ ಜಗಳಕ್ಕೆ ಬರುತ್ತಿದ್ದಳು.

ಆ ವರ್ಷ ಅದರೊಳಗೆ ಎರಡು ಬೆಳೆಯ ಬಿಳಿಜೋಳ ಇತ್ತು. ಶ್ರಾವಣದಲ್ಲಿ ಮಗಳ ಮದುವೆ. ಗಂಡು ಅರಸೀಕೆರೆ ಕಡೆಯವನು. “ಬೀಗರು ಎಷ್ಟು ಮಂದಿ ಬರ್ತಾರ ಬರ್ಲಿ. ನನ್ನ ಹೊಲದ ಜೋಳದಾಗ ರೊಟ್ಟಿ ಹಾಕ್ತೀನಿ. ಒಬ್ಬರ ಮನಿ ಬಾಗಲಿಗೆ ಮೊರ ಹಿಡಕೊಂಡು ಹೋಗಂಗಿಲ್ಲ,” ಎಂದು ಓಣಿಯಲ್ಲೆಲ್ಲ ಹೇಳಿಕೊಂಡಿದ್ದಳು. ಗಂಡನಿಲ್ಲದ ಮನೆ ಎಂದು ಯಾರೂ ಕನಿಕರ ತೋರಿಸಬಾರದು, ಅಷ್ಟೇ ಅವಳ ಛಲ.

ಗೋಡೆಗೆ ಮಣ್ಣು ಬೇಕಲ್ಲ. ಬಂಡಿಯವನು ಕೆಮ್ಮಣ್ಣನ್ನು ಬೇವಿನ ಗಿಡದ ಹತ್ತಿರ ಸುರಿದು ಹೋಗಿದ್ದ. ಅದರ ಪಕ್ಕದಲ್ಲೇ ನಾನು ಸೊಂಟದುದ್ದ ಗುಂಡಿ ತೋಡತೊಡಗಿದೆ. ಅದರಲ್ಲಿ ಮಣ್ಣು, ಹುಲ್ಲು ಹಾಕಿ, ನೀರು ನಿಲ್ಲಿಸಿ, ದಿನಗಟ್ಟಲೆ ಕೊಳೆಸಿ ತುಳಿಯಬೇಕು. ದೊಡ್ಡವ್ವ ಬಂದಳು.

“ತಮ್ಮಾ, ಕೆಸರಿನ ಗುಂಡಿ ಇಲ್ಲಿ ಬ್ಯಾಡ. ಗಿಡದ ಆ ಕಡಿ ಮಾಡ್ಕೋ. ಹಗೇವು ಐತಿ.”

ನಾನು ಸಲಿಕೆ ಊರಿ ನಿಂತೆ. “ಹಗೇವಿನ ಬಾಯಿ ಎಲ್ಲೈತಿ ದೊಡ್ಡವ್ವ?”

“ಅಲ್ಲೈತಿ ನೋಡು.”

ಬಾಯಿಯಿಂದ ಗುಂಡಿಯವರೆಗೆ ಹೆಜ್ಜೆ ಹಾಕಿ ಎಣಿಸಿದೆ. “ನಾಕು ಹೆಜ್ಜಿ. ನೀರು ಕೆಳಗ ಇಳಿತತಿ, ಅಡ್ಡ ನಡಿಯಂಗಿಲ್ಲ. ಅಡ್ಡ ನಡಿಯಂಗಿದ್ರ ಕೆರಿ ನೀರು ನಮ್ಮ ಪಡಸಾಲಿಗೆ ಬರಬೇಕಿತ್ತು. ಬಂದೈತೇನು?”

“ಇಲ್ಲ.”

“ಇನ್ನೊಂದು ಕೇಳ್ತೀನಿ. ನೀನು ದಿನಾ ಬಟ್ಟಿ ಒಗಿಯೋ ಕಲ್ಲು ಎಷ್ಟು ದೂರ ಐತಿ? ಅದೂ ನಾಕಾ ಹೆಜ್ಜಿ. ಇಷ್ಟು ವರ್ಷದಾಗ ಜೋಳ ಹಸಿ ಆತೇನು?”

ಅವಳು ಒಗೆಯುವ ಕಲ್ಲು ನೋಡಿದಳು, ಗುಂಡಿ ನೋಡಿದಳು, ನನ್ನನ್ನು ನೋಡಿದಳು. “ನೀನು ಹೇಳಿದ್ರ ಖರೇನ ಇರಬೇಕು ಬಿಡಪಾ. ಶೀಲ್ಡು ತಂದವ ನೀನು,” ಎಂದು ಸೆರಗು ಸಿಕ್ಕಿಸಿಕೊಂಡು ಹೋದಳು.

ನಾನು ಮಂಡಿಸಿದ ಆ ವಾದವನ್ನು ಈಗ ಬಿಚ್ಚಿ ನೋಡುತ್ತೇನೆ. ಒಗೆಯುವ ಕಲ್ಲಿನ ನೀರು ಇಳಿಜಾರಿಗೆ ಹರಿದು ಹೋಗುತ್ತಿತ್ತು, ನನ್ನ ಗುಂಡಿಯ ನೀರು ನಿಲ್ಲಲಿಕ್ಕೆಂದೇ ಇತ್ತು. ಎರಡನ್ನೂ ಒಂದೇ ತಕ್ಕಡಿಗೆ ಹಾಕಿದ್ದು ಮೋಸ. ಅಳತೆ ಅದಕ್ಕಿಂತ ದೊಡ್ಡ ಮೋಸ. ಹಗೇವಿನ ಬಾಯಿಯಿಂದ ಅಳೆದೆ. ಹಗೇವು ಬಾಯಿಗೆ ಮುಗಿಯುವುದಿಲ್ಲ, ಅದರ ಹೊಟ್ಟೆ ನೆಲದೊಳಗೆ ಸುತ್ತಲೂ ಚಾಚಿಕೊಂಡಿರುತ್ತದೆ. ಗೊತ್ತಿರಲಿಲ್ಲ ಎಂದು ಹೇಳಿ ಪಾರಾಗುವಂತೆಯೂ ಇಲ್ಲ. ಅದಕ್ಕೆ ಎರಡು ವರ್ಷ ಹಿಂದೆ ಜೋಳ ತೆಗೆಯಲು ನಾನೇ ಅದರೊಳಗೆ ಇಳಿದಿದ್ದೆ. ಬಾಯಿಯ ನೇರಕ್ಕೆ ನಿಂತವನು ಗೋಡೆ ಮುಟ್ಟಲು ಮೂರು ಹೆಜ್ಜೆ ನಡೆದಿದ್ದೆ. ನನ್ನ ಗುಂಡಿ ಇದ್ದದ್ದು ಆ ಹೊಟ್ಟೆಯ ಭುಜಕ್ಕೆ ತಾಗಿದಂತೆ.

ಹಾಗಾದರೆ ಯಾಕೆ ವಾದಿಸಿದೆ? ಮಣ್ಣಿನ ಗುಡ್ಡೆಯನ್ನು ಆ ಕಡೆಗೆ ಹೊರಲು ಅರ್ಧ ದಿನ ಹಿಡಿಯುತ್ತಿತ್ತು. ಬೇರೆ ಕಾರಣವಿಲ್ಲ.

ಒಂದು ತಿಂಗಳು ಆ ಗುಂಡಿಗೆ ದಿನಾ ಹತ್ತು ಹನ್ನೆರಡು ಕೊಡ ನೀರು ಕೆರೆಯಿಂದ ಹೊತ್ತು ಸುರಿದೆ. ಬೆಳಿಗ್ಗೆ ನೋಡಿದರೆ ನೀರು ಇಂಗಿರುತ್ತಿತ್ತು. ಬಿಸಿಲಿಗೆ ಆರಿತು ಎಂದುಕೊಂಡು ಮತ್ತೆ ಸುರಿಯುತ್ತಿದ್ದೆ. ಗೋಡೆ ಎದ್ದವು. ಜಾಲಿ ತೊಲೆ ಏರಿಸಿದೆ, ಮೇಲೆ ಜಂತಿ ಜೋಡಿಸಿದೆ. ಜಂತಿಯ ಮೇಲೆ ಹಾಸಲು ಬಂದರಿಕೆ ಸೊಪ್ಪು ಬೇಕು, ಅದಕ್ಕೆ ಗೆದ್ದಲು ಹತ್ತುವುದಿಲ್ಲ. ಗುಡ್ಡದಿಂದ ಆ ಸೊಪ್ಪಿನ ಹೊರೆಗಳನ್ನು ತಲೆಯ ಮೇಲೆ ಹೊತ್ತು ತಂದವಳು ದೊಡ್ಡವ್ವ. ಸೊಪ್ಪಿನ ಮೇಲೆ ಚೌಳು ಮಣ್ಣು ಹರಡಿ ಬಡಿಯುವಾಗ ಅವಳೂ ಮಾಳಿಗೆ ಏರಿದಳು. ಅವಳ ಮಗಳು ನೆಲ ಸಾರಿಸಿ ಬಾಗಿಲಿಗೆ ರಂಗೋಲಿ ಎಳೆದಳು. ಗುಂಡಿಯನ್ನು ಮುಚ್ಚಿ, ಅದರ ಮೇಲೆಯೇ ಬಾಗಿಲ ಮುಂದಿನ ಕಟ್ಟೆ ಹಾಕಿದೆ. ‘ಎಲ್ಲ ನನ್ನ ಕೈಯಿಂದಲೇ’ ಎಂಬ ಹಟ ಎಲ್ಲಿ ಹೋಗಿತ್ತೋ, ಆಗ ನೆನಪಾಗಲಿಲ್ಲ.

ಆಷಾಢದ ಕೊನೆಗೆ ಹಗೇವು ತೆಗೆದರು. ಆ ಸಲ ಮಳೆ ಇನ್ನೂ ಸರಿಯಾಗಿ ಹಿಡಿದಿರಲಿಲ್ಲ, ಮಣ್ಣಿನ ಧೂಳು ಅಡಗಿತ್ತು ಅಷ್ಟೇ. ಮಳೆಯ ಮೇಲೆ ಹಾಕಿ ಕೈತೊಳೆದುಕೊಳ್ಳಲೂ ನನಗೆ ದಾರಿಯಿಲ್ಲ. ಚಪ್ಪಡಿ ಸರಿಸಿದ ಕೂಡಲೇ ಹುಳಿ ವಾಸನೆ ಮುಖಕ್ಕೆ ಬಡಿಯಿತು. ದೊಡ್ಡವ್ವ ಮೂಗಿಗೆ ಸೆರಗು ಹಿಡಿಯಲಿಲ್ಲ. ಬಗ್ಗಿ ನೋಡುತ್ತಲೇ ಇದ್ದಳು.

ಒಂದು ದಿನ ಬಾಯಿ ತೆರೆದಿಟ್ಟು, ಕೆಟ್ಟ ಗಾಳಿ ಹೋಗಿದೆಯೋ ಎಂದು ಕಂದೀಲು ಇಳಿಬಿಟ್ಟು ನೋಡಿದೆವು. ಅದು ಆರಲಿಲ್ಲ. ಹಗ್ಗ ಕಟ್ಟಿಕೊಂಡು ನಾನೇ ಇಳಿದೆ. ಕಾಲು ಮೆತ್ತಗೆ ಹೂತುಕೊಂಡಿತು. ಮೇಲಿನ ಜೋಳ ಮೊಳೆತು ಬಿಳಿ ಬೇರು ಹೆಣೆದುಕೊಂಡು ಚಾಪೆಯಂತಾಗಿತ್ತು, ಅದರಡಿ ಕಪ್ಪು ಮುದ್ದೆ. ಕಂದೀಲು ಎತ್ತಿ ಗೋಡೆ ನೋಡಿದೆ. ಮೂರು ಕಡೆ ಒಣಗಿತ್ತು. ಒಂದು ಕಡೆ, ನನ್ನ ಕೋಣೆಯ ಕಡೆ, ಗೋಡೆಯ ಹುಲ್ಲು ಕೊಳೆತು ಜೋತುಬಿದ್ದಿತ್ತು, ಕೆಂಪು ಕೆಸರು ಎಳೆ ಎಳೆಯಾಗಿ ಇಳಿದು ಗಟ್ಟಿಯಾಗಿತ್ತು. ಅದು ನಾನು ತುಳಿದ ಕೆಮ್ಮಣ್ಣು. ನನಗೆ ಗುರುತು ಸಿಗದೆ ಇರುತ್ತದೆಯೆ?

ಮೇಲಿನ ಕಿರಿದಾದ ಬೆಳಕಿನಲ್ಲಿ ದೊಡ್ಡವ್ವನ ಮುಖ ಕಂಡಿತು. “ಎಲ್ಲಿಂದ ಬಂದೈತೋ ತಮ್ಮಾ ನೀರು?”

ನನ್ನ ತಲೆ ಆಗಲೂ ಚರ್ಚೆಯ ಲೆಕ್ಕದಲ್ಲೇ ಓಡಿತು. ಬಾಯಿಯಿಂದ ಇಳಿದಿದೆ ಎಂದರೆ ಸರಿಯಾಗಿ ಮೆತ್ತಲಿಲ್ಲ ಎಂದು ತಪ್ಪು ಅವಳದಾಗುತ್ತದೆ. ಗೋಡೆಯಿಂದ ಎಂದರೆ ನನ್ನದಾಗುತ್ತದೆ. ಯಾರ ತಪ್ಪೂ ಅಲ್ಲದ ಒಂದು ಕಾರಣ ಬೇಕಿತ್ತು, ಸಿಕ್ಕಿತು.

“ತಳದಿಂದ ಬಂದೈತಿ ದೊಡ್ಡವ್ವ. ಒರತಿ ಎದ್ದೈತಿ.”

“ಹತ್ತಿ ಬಾ. ಉಸಿರು ಕಟ್ಟೀತು,” ಎಂದಳು.

ಒಂದು ಚೀಲದಷ್ಟೂ ಉಳಿಯಲಿಲ್ಲ. ಎಮ್ಮೆ ಕೂಡ ಮೂಸಿ ಬಿಟ್ಟಿತು. ಮರುದಿನದಿಂದ ಓಣಿಯ ಹೆಂಗಸರು ಒಬ್ಬೊಬ್ಬರೇ ಮೊರದಲ್ಲಿ ಜೋಳ ಹಿಡಿದು ಅವಳ ಬಾಗಿಲಿಗೆ ಬಂದರು. ಅವಳು ಯಾರ ಬಾಗಿಲಿಗೂ ಹೋಗಲಿಲ್ಲ, ನಿಜ. ಆದರೆ ಪ್ರತಿಯೊಂದು ಮೊರಕ್ಕೂ ಎದ್ದು ನಿಂತು ಸೆರಗು ಒಡ್ಡಿದಳು. ನಮ್ಮವ್ವ ಎರಡು ಸಲ ಕೊಟ್ಟುಬಂದು ಒಲೆಯ ಮುಂದೆ ಕುಳಿತು ಕಣ್ಣು ಒರೆಸಿಕೊಂಡಳು. “ಆಕಿ ಎಂದೂ ಹಿಂಗ ಸೆರಗು ಒಡ್ಡಿದಾಕಿ ಅಲ್ಲ. ಒರತಿಗೆ ಇನ್ನೆಲ್ಲೂ ಜಾಗ ಸಿಗಲಿಲ್ಲೇನು?”

ನಾನು ಪುಸ್ತಕದೊಳಗೆ ಮುಖ ಇಟ್ಟುಕೊಂಡಿದ್ದೆ. ಮದುವೆಯ ದಿನ ಪಂಕ್ತಿಯಲ್ಲಿ ಕುಳಿತು ರೊಟ್ಟಿ ಉಂಡೆ. ಗಂಟಲಲ್ಲಿ ಇಳಿಯಲಿಲ್ಲ ಎಂದು ಬರೆದರೆ ಚೆನ್ನಾಗಿರುತ್ತದೆ. ಆದರೆ ಇಳಿಯಿತು. ಮೂರು ರೊಟ್ಟಿ ಇಳಿದವು.

ಸುಳ್ಳು ಅಲ್ಲಿಗೇ ನಿಲ್ಲಬಹುದಿತ್ತು. ಆದರೆ ನಮ್ಮದು ಕೊಡ ನೀರಿಗೆ ಊರಾಚೆ ಹೋಗುವ ಸೀಮೆ. ಎರಡಾಳುದ್ದಕ್ಕೆ ಒರತೆ ಇದೆಯೆಂಬ ಸುದ್ದಿ ಇಲ್ಲಿ ಸುಮ್ಮನೆ ಕೂರುವುದಿಲ್ಲ. ಮದುವೆಗೆ ಬಂದಿದ್ದ ದೊಡ್ಡವ್ವನ ತಮ್ಮ ಹಿರೇಹಡಗಲಿಯವನು, ಬಾವಿ ತೋಡುವುದರಲ್ಲಿ ಪಳಗಿದ ಕೈ. “ಜೋಳ ಹೋದ್ರ ಹೋಗ್ಲಿ ಬಿಡಕ್ಕ, ಬಾವಿ ಆತು ಅನ್ನು,” ಎಂದು ಮದುವೆ ಮುಗಿದ ಮೂರನೆಯ ದಿನ ಪಿಕಾಸಿ ಹಿಡಿದು ಹಗೇವಿಗೆ ಇಳಿದ. ದೊಡ್ಡವ್ವ ಮುಖ ಅರಳಿಸಿಕೊಂಡು ಮಣ್ಣಿನ ಬುಟ್ಟಿ ಎಳೆಯಲು ನಿಂತಳು. ಓಣಿಯ ಜನ ಸುತ್ತ ಕೂಡಿದರು. ಮಧ್ಯಾಹ್ನದವರೆಗೂ ಒಳಗಿನಿಂದ ಒಣ ಗರಸು ಮಣ್ಣು ಬಂತು. ಬುಟ್ಟಿ ಬುಟ್ಟಿ ಒಣ ಗರಸು, ಸುರಿದರೆ ಧೂಳೇಳುವಂಥದ್ದು.

ಒಳಗಿನಿಂದ ಅವನ ದನಿ ಬಂತು. “ಅಕ್ಕಾ, ಯಾವನು ಹೇಳ್ಯಾನ ಒರತಿ ಅಂತ? ತಳ ಹುರಿದ ಕಡ್ಲಿ ಇದ್ದಂಗ ಐತಿ. ಎದಿ ಮಟ್ಟಕ್ಕ ಒಂದಾ ಕಡಿ ಗೋಡಿ ನೆನದೈತಿ, ಬೇವಿನ ಗಿಡದ ಕಡಿದು. ಅಲ್ಲಿ ಮ್ಯಾಲ ಏನರ ಇತ್ತೇನು?”

ದೊಡ್ಡವ್ವ ಬೇವಿನ ಗಿಡದ ಕಡೆ ತಿರುಗಿದಳು. ನನ್ನ ಕೋಣೆ, ಅದರ ಮುಂದಿನ ಕಟ್ಟೆ, ಕಟ್ಟೆಯ ಮೇಲೆ ನಾನು. ಅವಳ ಕಣ್ಣು ಕಟ್ಟೆಯ ಮೇಲೆ ನಿಂತಿತು, ನನ್ನ ಮುಖದವರೆಗೆ ಬರಲಿಲ್ಲ.

ಯಾವ ವಿಷಯ ಕೊಟ್ಟರೂ ಐದು ನಿಮಿಷ ನಿಲ್ಲದೆ ಮಾತಾಡಬಲ್ಲವನು ನಾನು. ಆಗ ಬೇಕಾಗಿದ್ದುದು ಒಂದು ವಾಕ್ಯ. ಬಾಯಿ ತೆರೆಯಲಿಲ್ಲ.

“ಏನೂ ಇದ್ದಿಲ್ಲಪಾ,” ಎಂದಳು ಅವಳು. “ಹಗೇವಿಗೆ ವಯಸ್ಸಾಗಿತ್ತು. ಮ್ಯಾಲ ಬಾ, ಉಣ್ಣಾಕ ಹೊತ್ತಾತು.”

ತೆಗೆದ ಗರಸನ್ನು ಅದರೊಳಗೇ ಸುರಿದು ಹಗೇವು ಮುಚ್ಚಿಸಿದಳು. ಅವಳ ಮಾವ ತೋಡಿಸಿದ್ದಂತೆ ಅದು.

ನಾನು ನನ್ನ ಪರವಾಗಿ ಹಲವು ಸಲ ವಾದಿಸಿಕೊಂಡಿದ್ದೇನೆ. ವಯಸ್ಸು ಇಪ್ಪತ್ತು, ಬೇಕೆಂದು ಮಾಡಿದ್ದಲ್ಲ, ಅವಳೇ ಒಪ್ಪಿದಳು. ಕೊನೆಯದು ನನಗೇ ಹೇಸಿಗೆ ತರುತ್ತದೆ. ಅವಳು ಒಪ್ಪಿದ್ದು ನನ್ನ ಮಾತಿಗಲ್ಲ, ನನ್ನ ಮೇಲಿನ ನಂಬಿಕೆಯಿಂದ. ನೀರಿನ ದಾರಿ ನನಗಿಂತ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದವಳನ್ನು ಗೊತ್ತಿಲ್ಲದವನು ಗೆದ್ದ. ಇದನ್ನು ಬರೆಯುವಾಗಲೂ ನಾನು ಧೈರ್ಯವಂತನಲ್ಲ. ದೊಡ್ಡವ್ವನಿಗೆ ಓದಲು ಬರುವುದಿಲ್ಲ.

ಮರುವರ್ಷ ಸುಗ್ಗಿ ಮುಗಿದ ಮೇಲೆ ಒಂದು ಬೆಳಿಗ್ಗೆ ನಾನು ಕೋಣೆಯಲ್ಲಿ ಕುಳಿತಿದ್ದೆ. ಅಲ್ಲಿ ಭಾಷಣ ನಿಂತು ತಿಂಗಳುಗಳಾಗಿದ್ದವು. ದೊಡ್ಡವ್ವ ಬಾಗಿಲಲ್ಲಿ ಕಾಣಿಸಿದಳು. ಹಿಂದೆ ಬಂಡಿ, ಬಂಡಿಯಲ್ಲಿ ಜೋಳದ ಚೀಲ. ಕೇಳಲಿಲ್ಲ, ಹೇಳಲಿಲ್ಲ. ಒಳಗೆ ಬಂದು ನಾಲ್ಕೂ ಗೋಡೆ ತಟ್ಟಿ ನೋಡಿದಳು. ತಾನೇ ಹೊತ್ತು ತಂದ ಸೊಪ್ಪಿನ ಮಾಳಿಗೆಯನ್ನು ತಲೆಯೆತ್ತಿ ನೋಡಿದಳು. ನಾನು ನಿಂತು ಭಾಷಣ ಮಾಡುತ್ತಿದ್ದ ಮೂಲೆಯ ನೆಲವನ್ನು ಕಾಲಿನಿಂದ ಒತ್ತಿದಳು.

“ಇಲ್ಲಿ ನೆಲ ತೇವ ಏರ್ತತೇನೋ?”

ಏರುವುದಿಲ್ಲ ಎನ್ನಲು ನನ್ನ ಹತ್ತಿರ ಎರಡು ಕಾರಣ ಆಗಲೇ ತಯಾರಿದ್ದವು, ಏರುತ್ತದೆ ಎನ್ನಲೂ ಎರಡು.

“ಗೊತ್ತಿಲ್ಲ ದೊಡ್ಡವ್ವ,” ಎಂದೆ.

ಆ ಮದುವೆಯ ನಂತರ ಮೊದಲ ಸಲ ನನ್ನ ಮುಖ ನೋಡಿದಳು. ಬಹಳ ಹೊತ್ತೇನಲ್ಲ.

“ಹಂಗಾರ ಚೀಲದ ಕೆಳಗ ಕಲ್ಲು ಹಾಕು,” ಎಂದಳು.

ನಾನು ಕಲ್ಲು ತರಲು ಹೊರಟೆ.